ಅಂಗೈಯನ್ನು ಮರೆತ ಹಾಳೆ

ಕಳೆದ ಕಾರ್ತಿಕದಲ್ಲಿ ಚನ್ನರಾಯಪಟ್ಟಣದ ಮದುವೆಯೊಂದರ ಪಂಕ್ತಿಯಲ್ಲಿ ಕುಳಿತಿದ್ದೆ. ಬಡಿಸುವವನೊಬ್ಬ ಕುದಿಯುತ್ತಿದ್ದ ಸಾರನ್ನು ಅವಸರದಲ್ಲಿ ತೆಳುವಾದ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಸುರಿದ. ಡಬ್ಬಿಯ ಬಾಯಿ ಮೆಲ್ಲಮೆಲ್ಲನೆ ಸೊಟ್ಟಗಾಯಿತು. ಕಾದ ಮೇಣವನ್ನು ಹೋಲುವ ವಾಸನೆಯೊಂದು ಎದ್ದಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನ್ನ ಎಡಗೈ ಮಾತ್ರ, ನಾನು ಹೇಳದೆಯೇ, ಶಲ್ಯದೊಳಗೆ ಸರಿದುಕೊಂಡಿತು. ನಾಲ್ಕು ವರ್ಷಗಳ ಹಿಂದಿನ ಬೇಸಿಗೆಯೊಂದು ಆ ವಾಸನೆಯ ಜೊತೆಗೆ ಎಲೆಯ ಮುಂದೆ ಬಂದು ಕುಳಿತಂತಾಯಿತು.

ಆ ಬೇಸಿಗೆಯುದ್ದಕ್ಕೂ ನಾನು ಅನುಮಾನದಲ್ಲಿಯೇ ಬದುಕಿದೆ. ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ, ಸಂಸ್ಕೃತ ಹೇಳಿಕೊಟ್ಟು ನಿವೃತ್ತನಾದವನು ನಾನು. ಅದಕ್ಕೂ ಮೊದಲು ಮಠದ ಪಾಠಶಾಲೆಯಲ್ಲಿ ಹಿರಿಯರೊಬ್ಬರ ಕಾಲ ಬಳಿ ಕುಳಿತು ತರ್ಕ ಕಲಿತಿದ್ದೆ. ಎಂಟನೆಯ ವಯಸ್ಸಿನಲ್ಲಿ ಗುರುಗಳು ನನ್ನ ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನು ಇರಿಸಿದರು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಸ್ನಾನ ಮುಗಿಸಿ, ಲಿಂಗವನ್ನು ಅದೇ ಅಂಗೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಅದರಲ್ಲಿ ದೃಷ್ಟಿ ನೆಟ್ಟು ಪೂಜಿಸದೆ ಬಾಯಿಗೆ ನೀರು ಹಾಕಿದವನಲ್ಲ. ನಮ್ಮವರಿಗೆ ಅಂಗೈಯೇ ಗರ್ಭಗುಡಿ. ಬೇರೆ ಗುಡಿಯ ಬಾಗಿಲು ಮುಚ್ಚಿದರೆ ಮತ್ತೊಂದು ಗುಡಿಗೆ ಹೋಗಬಹುದು. ಇದು ಮುಚ್ಚಿದರೆ ಹೋಗುವುದು ಎಲ್ಲಿಗೆ?

ಆ ವರ್ಷದ ಪುಷ್ಯಮಾಸದಲ್ಲಿ ಅದು ಮುಚ್ಚಿತು. ಅಟ್ಟದ ಮೇಲಿದ್ದ ನಿಘಂಟನ್ನು ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದೆ. ಎಡ ಮಣಿಕಟ್ಟು ಮುರಿಯಿತು. ಆರು ವಾರದ ತರುವಾಯ ಪಟ್ಟಿ ಬಿಚ್ಚಿದಾಗ ಹೊರಬಂದ ಕೈ ನನ್ನದೆಂದು ನಂಬಲಾಗಲಿಲ್ಲ. ಬೆರಳುಗಳು ಒಳಕ್ಕೆ ಮಡಿಸಿಕೊಂಡಿದ್ದವು. ಅಂಗೈ ನೆಲವನ್ನು ನೋಡುತ್ತಿತ್ತು. ಎಷ್ಟು ತಿರುಗಿಸಿದರೂ ಮೇಲೆ ನೋಡಲು ಒಪ್ಪುತ್ತಿರಲಿಲ್ಲ. ಲಿಂಗವನ್ನು ಮರದ ಪೀಠವೊಂದರ ಮೇಲಿಟ್ಟು ಪೂಜಿಸತೊಡಗಿದೆ. ದೇವರು ಎದುರಿಗಿದ್ದ, ನಿಜ. ಆದರೆ ನನ್ನ ಕೈಬಿಟ್ಟು ದೂರ ಕುಳಿತಿದ್ದ.

ಹಾಸನದ ಚಿಕಿತ್ಸಾಕೇಂದ್ರವೊಂದಕ್ಕೆ ಪ್ರತಿ ಮಂಗಳವಾರ ಹೋಗಬೇಕೆಂದು ಮೂಳೆ ವೈದ್ಯರು ಬರೆದುಕೊಟ್ಟರು. ಚೈತ್ರದ ಬಿಸಿಲು. ಹೇಮಾವತಿ ಬಂಡೆಗಳ ನಡುವೆ ಎಳೆಯಾಗಿ ಹರಿಯುತ್ತಿದ್ದಳು. ಹೆಂಡತಿ ಗೌರಮ್ಮನೊಡನೆ ಮುಂಜಾನೆಯ ಬಸ್ಸು ಹತ್ತಿ ಹೋದೆ. ಅಲ್ಲಿ ಕೈರೋಗಿಗಳನ್ನು ನೋಡುತ್ತಿದ್ದವಳು ಸುಕನ್ಯ ಎಂಬ ಹುಡುಗಿ. ಸಾಲಗಾಮೆಯ ಒಕ್ಕಲು ಮನೆತನದವಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಇವಳು ಓದಿದ್ದಾಳೋ, ಓದುತ್ತಿದ್ದಾಳೋ ಎಂಬುದು ನನ್ನ ಮೊದಲ ಅನುಮಾನ.

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ ಕೇಳಿದಳು: "ಎಡಗೈಲಿ ದಿನಾ ಏನೇನ್ ಕೆಲ್ಸ ಮಾಡ್ತಿದ್ರಿ ಸಾ?"

"ಅಂಥಾದ್ದೇನೂ ಇಲ್ಲಮ್ಮ."

"ಏನೂ ಇಲ್ವಾ? ಗಾಡಿ ಓಡ್ಸೋದು, ಚೀಲ ಇಡಿಯೋದು?"

"ಚೀಲ ಬಲಗೈಯಲ್ಲಿ ಹಿಡೀತೀನಿ."

"ಅಂಗಾರೆ ಲೋಟ ಇಡಿಯಂಗೆ, ಬಸ್ಸಿನ ಕಂಬಿ ಇಡಿಯಂಗೆ ಮಾಡ್ತೀನಿ ಬುಡಿ."

ಗೌರಮ್ಮ ನನ್ನ ಕಡೆ ತಿರುಗಿ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಪೂಜೆಯ ವಿಷಯವನ್ನು ಬೀದಿಯ ಜನರ ಮುಂದೆ ಆಡಬಾರದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನಾದರೂ ಕಾರಣ ಅದಲ್ಲ. ಹೇಳಿದರೆ ಅವಳು 'ಇನ್ನು ಅದು ಆಗದು, ಮೇಜಿನ ಮೇಲಿಟ್ಟುಕೊಳ್ಳಿ' ಎಂದುಬಿಟ್ಟಾಳೆಂಬ ಭಯ. ಕೇಳದ ಪ್ರಶ್ನೆಗೆ ಯಾರೂ 'ಇಲ್ಲ' ಎನ್ನಲಾರರಷ್ಟೆ.

ಅನಂತರ ಅವಳು ಸಣ್ಣ ರಂಧ್ರಗಳಿದ್ದ ಬಿಳಿಯ ಹಾಳೆಯೊಂದನ್ನು ತಂದಳು. ಹಲಗೆಯಷ್ಟು ಗಟ್ಟಿ. ನನ್ನ ಕೈಯ ಅಳತೆಗೆ ಕತ್ತರಿಸಿ, ಬಿಸಿನೀರು ತುಂಬಿದ ಅಗಲವಾದ ತಟ್ಟೆಯೊಳಗೆ ಇಳಿಬಿಟ್ಟಳು. ಚಿಮಟಿಗೆಯಿಂದ ಎತ್ತಿದಾಗ ಅದು ರೊಟ್ಟಿಯ ಹಿಟ್ಟಿನಂತೆ ಜೋತುಬಿದ್ದಿತ್ತು. ಬಟ್ಟೆಯ ಮೇಲೆ ಒರೆಸಿ, ನನ್ನ ಮುಂಗೈಗೆ ಹೊದಿಸಿ, ಮಣಿಕಟ್ಟನ್ನು ತುಸು ಹಿಂದಕ್ಕೆ ಬಾಗಿಸಿ ಹಿಡಿದಳು. ನಾಲ್ಕು ನಿಮಿಷದಲ್ಲಿ ಅದು ಮತ್ತೆ ಗಟ್ಟಿಯಾಗಿ, ಕಲ್ಲಾಗಿ, ನನ್ನ ಕೈಯದೇ ಚಿಪ್ಪಾಯಿತು. ಕಾದ ಮೇಣದ ಆ ವಾಸನೆಯನ್ನು ಮೊದಲು ಮೂಸಿದ್ದು ಆಗ.

"ಇದು ಏನಮ್ಮ?"

"ಪ್ಲಾಸ್ಟಿಕ್ ಜಾತೀದು ಸಾ. ಬಿಸಿ ತಾಗುದ್ರೆ ಮೆತ್ತಗಾಯ್ತದೆ, ತಣ್ಗಾದ್ರೆ ಇಡ್ದಂಗೆ ನಿಂತ್ಕತದೆ. ಇದಕ್ಕೆ ಮೆಮೊರಿ ಐತೆ."

"ನೆನಪು ಆತ್ಮನ ಗುಣ. ಜಡಕ್ಕೆ ನೆನಪು ಎಲ್ಲಿಂದ ಬರುತ್ತೆ?"

"ನೀವ್ ಯೋಳೋದು ಸರಿ ಇರ್ಬೋದು ಸಾ. ಆದ್ರೂ ಇದಕ್ಕೈತೆ." ಪಟ್ಟಿ ಬಿಗಿಯುತ್ತ ಅವಳು ಮುಂದುವರಿಸಿದಳು: "ಬಿಸ್ಲಲ್ಲಿ ಇಡ್ಬೇಡಿ, ಒಲೆ ತಾವ ಬೇಡ. ತಣ್ಣೀರಲ್ಲೇ ತೊಳೀರಿ. ಬಿಸ್ನೀರು ಮಾತ್ರ ತೋರ್ಸ್ಬೇಡಿ."

ಈ ಮಾತು ನನ್ನಲ್ಲಿ ಮುಳ್ಳಾಗಿ ಉಳಿಯಿತು. ಚಿನ್ನವನ್ನು ಮಾರುವವನು ಬೆಂಕಿಗೆ ತೋರಿಸಬೇಡಿ ಎನ್ನುವುದುಂಟೆ? ಮುಚ್ಚಿಡುವಂಥದ್ದು ಇಲ್ಲದಿದ್ದರೆ ಇಷ್ಟೊಂದು ನಿಷೇಧವೇಕೆ?

ನಮ್ಮ ಪಕ್ಕದ ಮನೆಯಲ್ಲಿ ತೆಂಗಿನಕಾಯಿ ವ್ಯಾಪಾರಿ ರುದ್ರಪ್ಪನಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಜಗುಲಿಯ ಮೇಲೆ ಆ ಚಿಪ್ಪು ತೊಟ್ಟು ಕುಳಿತಿರುವುದನ್ನು ಕಂಡವನೇ ಹತ್ತಿರ ಬಂದು ಉಗುರಿನಿಂದ ಬಡಿದು ನೋಡಿದ.

"ಮೇಷ್ಟ್ರೆ, ಇದು ಪ್ಲಾಸ್ಟಿಕ್ ಅಲ್ಲ ಕಣ್ರಿ. ಸೌಂಡ್ ನೋಡಿ. ದನದ ಗೊರ್ಸು ಕಾಯ್ಸಿ ಎರೆದಿರೋದು."

"ಅವಳು ಪ್ಲಾಸ್ಟಿಕ್ಕೇ ಅಂದಳಪ್ಪ."

"ಅನ್ನದೆ ಇನ್ನೇನಂದಾಳು? ನಮ್ ಅಂಗ್ಡೀಲಿ ಕೊಳ್ತ ಕಾಯಿನ ಕೊಳ್ತೈತೆ ಅಂತ ನಾನ್ ಯೋಳಿದ್ದೀನಾ?" ಎಂದು ನಕ್ಕು ತನ್ನ ಕೆಲಸಕ್ಕೆ ಹೋದ.

ಅವನದು ಕೇವಲ ಹಾಸ್ಯ. ನಾನು ಅದನ್ನು ಪ್ರಮಾಣವೆಂದು ಹಿಡಿದೆ. ಅನುಮಾನದ ಸ್ವಭಾವವೇ ಅಂಥದ್ದು. ನಿಂತಲ್ಲಿ ನಿಲ್ಲದೆ ಆಧಾರವನ್ನು ಹುಡುಕುತ್ತದೆ, ಸಿಗದಿದ್ದರೆ ಹೆಣೆದುಕೊಳ್ಳುತ್ತದೆ. ಎರಡನೆಯ ಮಂಗಳವಾರ ಹೋದಾಗ ಬಿಸಿನೀರಿನ ತಟ್ಟೆಯನ್ನು ಒಳಕೋಣೆಗೆ ಸಾಗಿಸಿದ್ದರು. ಸುಕನ್ಯ ನನ್ನ ಕೈಯ ಚಿಪ್ಪನ್ನು ತೆಗೆದುಕೊಂಡು ಒಳಗೆ ಹೋಗುವಳು. ಮೆತ್ತಗಾದ ಹಾಳೆಯೊಂದನ್ನು ಹಿಡಿದು ಹೊರಬಂದು ನನ್ನ ಕೈಗೆ ಹೊದಿಸುವಳು. ಒಳಗೆ ಹೋದದ್ದೇ ಹೊರಗೆ ಬಂದದ್ದೆಂದು ಹೇಗೆ ನಂಬುವುದು? ಬೇರೆ ಯಾರ ಮೈಗೆ, ಯಾವ ಹುಣ್ಣಿಗೆ ಸುತ್ತಿದ್ದೋ?

ಪರೀಕ್ಷಿಸಿಯೇ ಬಿಡುವುದೆಂದು ಅದರ ಒಳಮೈಯಲ್ಲಿ, ಹೆಬ್ಬೆರಳು ಮುಚ್ಚುವ ಜಾಗದಲ್ಲಿ, ನನ್ನ ನೀಲಿ ಶಾಯಿಯ ಪೆನ್ನಿನಿಂದ 'ಶ್ರೀ' ಎಂದು ಬರೆದೆ. ಮೂರನೆಯ ಮಂಗಳವಾರ ಹಿಂದಿರುಗಿ ಬರುವಾಗ ಬಸ್ಸಿನಲ್ಲಿಯೇ ಪಟ್ಟಿ ಸಡಿಲಿಸಿ ನೋಡಿದೆ. ಶ್ರೀಕಾರವಿರಲಿಲ್ಲ. ಗೌರಮ್ಮನಿಗೆ ತೋರಿಸಿದೆ.

"ಏನ್ ನೋಡ್ಬೇಕು? ಏನೂ ಇಲ್ವಲ್ಲ," ಎಂದಳು.

"ಅದೇ ನೋಡಬೇಕಾದ್ದು!" ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಇನ್ನೂ ಸುಮಾರು ಮೂರು ವಾರ ಆ ಅನ್ಯರ ವಸ್ತುವನ್ನು ಕೈಯಲ್ಲಿ ಹೊತ್ತು ನಡೆದೆ. ಪೂಜೆಗೆ ಕುಳಿತಾಗ ಅದನ್ನು ಬಿಚ್ಚಿಟ್ಟರೂ ಅದರ ಸ್ಪರ್ಶ ಬಿಡುತ್ತಿರಲಿಲ್ಲ. ಲಿಂಗವನ್ನು ಧರಿಸಿದವನಿಗೆ ಸ್ಪರ್ಶದ ಮೈಲಿಗೆಯಿಲ್ಲವೆಂದು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನೇ. ನನ್ನ ಕೈಗೆ ಬಂದಾಗ ಆ ಪಾಠ ನೆರವಿಗೆ ಬರಲಿಲ್ಲ. ಐದನೆಯ ವಾರದ ಕೊನೆಗೆ, ಸೋಮವಾರ ಬೆಳಿಗ್ಗೆ, ಗೌರಮ್ಮ ಹಿತ್ತಿಲಲ್ಲಿದ್ದ ಹೊತ್ತು ನೋಡಿ, ತಪ್ಪಲೆಯಲ್ಲಿ ನೀರನ್ನು ಕುದಿಸಿ, ಚಿಟಿಕೆ ವಿಭೂತಿ ಹಾಕಿ, ಚಿಪ್ಪನ್ನು ಅದರಲ್ಲಿ ಮುಳುಗಿಸಿದೆ. ಶುದ್ಧಿಯೂ ಆಯಿತು, ಪರೀಕ್ಷೆಯೂ ಆಯಿತು ಎಂಬುದು ನನ್ನ ಎಣಿಕೆ.

ಕಣ್ಣೆದುರಿಗೇ ಅದು ಮಾಯವಾಯಿತು. ಬಿಳುಪು ಅಂಚಿನಿಂದ ಸರಿಯುತ್ತ ಸರಿಯುತ್ತ ನೀರಿಗೂ ಅದಕ್ಕೂ ಭೇದವೇ ಉಳಿಯಲಿಲ್ಲ. ಕರಗಿಹೋಯಿತೆಂದುಕೊಂಡೆ. ಸೌಟು ಹಾಕಿ ತಡಕಿದಾಗ ಗಾಜಿನಂಥದ್ದೊಂದು ತಗುಲಿತು. ಎತ್ತಿ ಮಣೆಯ ಮೇಲೆ ಹಾಕಿದೆ. ತಣಿದಂತೆ ಅದು ಮತ್ತೆ ಬೆಳ್ಳಗಾಯಿತು. ಆದರೆ ನನ್ನ ಕೈಯ ಉಬ್ಬುತಗ್ಗುಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಐದು ವಾರ ನನ್ನ ಮಣಿಕಟ್ಟನ್ನು ತಬ್ಬಿಕೊಂಡಿದ್ದುದು, ಮೊದಲ ದಿನ ಅಂಗಡಿಯಿಂದ ಬಂದಂತೆ, ಚಪ್ಪಟೆ ಹಾಳೆಯಾಗಿ ಮಲಗಿತ್ತು.

ನನ್ನ ಕೋಪಕ್ಕೆ ಈಗ ಸಾಕ್ಷಿ ಸಿಕ್ಕಿತ್ತು. ಬಿಸಿನೀರನ್ನು ತಾಳಲಾರದ ಹುಸಿ ಸರಕು! ಹಾಳೆಯನ್ನು ಪುಸ್ತಕದ ಕಪಾಟಿನಲ್ಲಿ ನಿಘಂಟಿನ ಹಿಂದೆ ಬಚ್ಚಿಟ್ಟು, ಕೇಂದ್ರದ ಮುಖ್ಯಸ್ಥೆಗೆ ಎರಡು ಪುಟದ ದೂರು ಬರೆದೆ. ವಾಕ್ಯಗಳು ಎಂದೂ ಇಲ್ಲದಷ್ಟು ಸೊಗಸಾಗಿ ಬಂದವು. ಹಾಸನಕ್ಕೆ ಹೊರಟಿದ್ದ ರುದ್ರಪ್ಪನ ಕೈಯಲ್ಲಿ ಅದನ್ನು ಕಳುಹಿಸಿ, ಮರುದಿನದ ಮಂಗಳವಾರವನ್ನೂ ಅದರ ಮುಂದಿನದನ್ನೂ ತಪ್ಪಿಸಿದೆ.

ಹತ್ತು ದಿನ ಕಳೆಯಿತು. ಉತ್ತರ ಬರಲಿಲ್ಲ. ಕೈ ಮಾತ್ರ ತಾನು ಬಂದಿದ್ದ ದಾರಿಯನ್ನು ಹಿಡಿದು ಹಿಂದಕ್ಕೆ ಹೊರಟಿತು. ಹಿಂದಕ್ಕೆ ಬಾಗುತ್ತಿದ್ದ ಮಣಿಕಟ್ಟು ಮತ್ತೆ ಮುಂದಕ್ಕೆ ಕುಸಿಯಿತು, ಬೆರಳುಗಳು ಮುದುಡಿದವು. ಒಂದು ಬೆಳಿಗ್ಗೆ ಪೀಠದ ಮೇಲಿಂದ ಲಿಂಗವನ್ನು ಎತ್ತಿ ಬಲವಂತವಾಗಿ ಎಡಗೈಯಲ್ಲಿಡಲು ಹೋದೆ. ಅದು ಅಂಚಿನಿಂದ ಜಾರಿತು. ಬಲಗೈ ಚಾಚಿ ಹಿಡಿದುಕೊಂಡೆನಾದ್ದರಿಂದ ನೆಲಕ್ಕೆ ಬೀಳಲಿಲ್ಲ.

ಗೌರಮ್ಮ ಬಾಗಿಲಲ್ಲಿ ನಿಂತು ನೋಡಿದ್ದಳು. ಕಪಾಟಿನ ಬಳಿ ಹೋಗಿ, ನಿಘಂಟಿನ ಹಿಂದಿನಿಂದ ಹಾಳೆಯನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

"ಇದು ಅಲ್ಲಿರೋದು ನಿನಗೆ ಗೊತ್ತಿತ್ತೇನು?"

"ತಪ್ಪಲೆಲಿ ವಿಭೂತಿ ನೀರು ಉಳ್ದಿತ್ತಲ್ಲ, ಅವತ್ತೇ ಗೊತ್ತಾಯ್ತು. ಕುದಿಯೋ ನೀರಿಗೆ ಹಾಕಿದ್ದು ನೀವು, ಕಾಗದ ಬರೆದಿದ್ದು ಆ ಮಗು ಮೇಲೆ. ಇದ್ಯಾವ ಶಾಸ್ತ್ರದಲ್ಲಿದೆ? ಶರ್ಟ್ ಹಾಕ್ಕೊಳಿ, ಬಸ್ ಹೊರಡುತ್ತೆ."

ಹಾಸನದಲ್ಲಿ ಸುಕನ್ಯ ಕೈರೋಗಿಗಳ ಕೋಣೆಯಲ್ಲಿರಲಿಲ್ಲ. ಬಾಗಿಲ ಬಳಿ ಮೇಜಿನ ಮುಂದೆ ಕುಳಿತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದಳು. ನನ್ನ ದೂರಿನ ವಿಚಾರಣೆ ಮುಗಿಯುವ ತನಕ ಅವಳನ್ನು ಅಲ್ಲಿ ಕೂರಿಸಿದ್ದರು. ನನ್ನನ್ನು ಕಂಡು ಎದ್ದು ನಿಂತಳು, ಮುಖದಲ್ಲಿ ನಗುವಿರಲಿಲ್ಲ.

"ಕಾಗ್ದ ಬರ್ದೋರು ನೀವೇನಾ ಸಾ?"

"ನಾನೇ."

"ಭಾಳ ಚೆನ್ನಾಗಿತ್ತು. ನಮ್ ಮೇಡಂ ಮೂರ್ ಸರ್ತಿ ಓದುದ್ರು. ಮೂರ್ನೇ ಸರ್ತಿಗೆ ಗೊತ್ತಾಯ್ತು, ಅದು ಸನ್ಮಾನ ಪತ್ರ ಅಲ್ಲ, ನನ್ ಮೇಲೆ ದೂರು ಅಂತ."

ಗೌರಮ್ಮ ಚೀಲದಿಂದ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಸುಕನ್ಯ ಅದನ್ನು ತಿರುವಿ ನೋಡಿ, "ಬಿಸ್ನೀರಿಗೆ ಆಕ್ಬುಟ್ರಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಅವಳು ನಮ್ಮಿಬ್ಬರನ್ನೂ ಒಳಕೋಣೆಗೆ ಕರೆದೊಯ್ದು, ಬಿಸಿನೀರಿನ ತಟ್ಟೆಯ ಮುಂದೆ ನಿಲ್ಲಿಸಿಕೊಂಡಳು. ಹಾಳೆಯನ್ನು ಅದ್ದಿ, ಮೆತ್ತಗಾಗಿಸಿ, ತನ್ನ ಮಣಿಕಟ್ಟಿಗೇ ಸುತ್ತಿಕೊಂಡಳು. ಗಟ್ಟಿಯಾದ ಮೇಲೆ ಬಿಚ್ಚಿ ಮತ್ತೆ ನೀರಿಗಿಟ್ಟಳು. ಬಳೆಯಂತೆ ಬಾಗಿದ್ದುದು ಯಾರೂ ಮುಟ್ಟದೆಯೇ ನಿಧಾನವಾಗಿ ಅರಳಿ, ಮಟ್ಟಸವಾಗಿ ಮಲಗಿತು.

"ಎಲ್ಲಾ ಮಂಗಳವಾರ ನಾನು ಮಾಡ್ತಿದ್ದುದು ಇದೇ ಸಾ. ಓದ್ ವಾರದ್ ಕೈನ ಇದು ಮರೀಬೇಕು. ಮರೀದಿದ್ರೆ ಈ ವಾರದ್ ಕೈಗೆ ಒಗ್ಗಲ್ಲ. ಮೊದ್ಲು ಎಂಗಿತ್ತೋ ಅದೊಂದ್ನ ನೆನ್ಪಿಟ್ಕಂಡು ಮಿಕ್ಕಿದ್ದೆಲ್ಲ ಬುಟ್ಬುಡ್ತದೆ."

"ಒಳಗೆ ನಾನೊಂದು ಗುರುತು ಬರೆದಿದ್ದೆ," ಎಂದೆ.

"ನೀಲಿ ಶಾಯೀದಾ? ಬಿಸ್ನೀರಲ್ಲಿ ಅದ್ದಿ ಒರ್ಸುದ್ರೆ ಓಯ್ತು ಸಾ. ಮನೇಲಿ ಮಕ್ಳು ಯಾರೋ ಗೀಚವ್ರೆ ಅಂದ್ಕಂಡೆ."

ಆ ಕ್ಷಣದಲ್ಲಿ ನನ್ನನ್ನು ನಾಚಿಸಿದ್ದು ಅವಳ ಮಾತಿಗಿಂತ ಹೆಚ್ಚಾಗಿ ನನ್ನ ವಿದ್ಯೆಯೇ. ತರ್ಕಶಾಸ್ತ್ರ ಸಂಸ್ಕಾರವನ್ನು ಮೂರು ಬಗೆಯೆಂದು ಹೇಳುತ್ತದೆ. ವೇಗ ಒಂದು, ನೆನಪಿಗೆ ಕಾರಣವಾದ ಭಾವನೆ ಮತ್ತೊಂದು, ಅದು ಆತ್ಮನಿಗೆ ಮಾತ್ರ. ಮೂರನೆಯದು ಸ್ಥಿತಿಸ್ಥಾಪಕ. ಸುತ್ತಿಟ್ಟ ಚಾಪೆಯನ್ನು ಬಿಡಿಸಿದರೆ ಅದು ಮತ್ತೆ ಸುರುಳಿಗೊಳ್ಳುತ್ತದಲ್ಲ, ಬಾಗಿಸಿದ ಕೊಂಬೆ ಬಿಟ್ಟೊಡನೆ ಹಿಂದಕ್ಕೆ ಹೋಗುತ್ತದಲ್ಲ, ಆ ಗುಣ. ಅದು ಜಡಕ್ಕೇ ಸೇರಿದ್ದು. ಎಷ್ಟೋ ಬಾರಿ ಚಾಪೆಯನ್ನೇ ಹಾಸಿ ತೋರಿಸಿ ಪಾಠ ಮಾಡಿದ್ದೆ. ಅದೇ ಗುಣ ಬಿಳಿಯ ಹಾಳೆಯಾಗಿ ನನ್ನ ಮೈಮೇಲೆ ಬಂದಾಗ, ಎರಡನೆಯದರ ಹೆಸರಿನಲ್ಲಿ ಆಕ್ಷೇಪಿಸಿ ಮೂರನೆಯದನ್ನು ಮರೆತೆ. ಸಾಲಗಾಮೆಯ ಹುಡುಗಿ ಹೆಸರಿನಲ್ಲಿ ತುಸು ತಪ್ಪಿದ್ದಳು, ವಸ್ತುವಿನಲ್ಲಿ ತಪ್ಪಿರಲಿಲ್ಲ. ನಾನು ವಸ್ತುವಿನಲ್ಲೂ ತಪ್ಪಿದ್ದೆ, ಮನುಷ್ಯರಲ್ಲೂ ತಪ್ಪಿದ್ದೆ.

ಮುಖ್ಯಸ್ಥೆಯ ಕೋಣೆಗೆ ಹೋಗಿ ನಿಂತು, ತಪ್ಪು ನನ್ನದು, ದೂರನ್ನು ಹರಿದುಹಾಕಿ ಎಂದು ಬಾಯಿಯಲ್ಲಿಯೇ ಹೇಳಿದೆ. ಅವರು ಸುಕನ್ಯಳನ್ನು ಕರೆದು, ಹೋಗಿ ನಿನ್ನ ಕೆಲಸ ನೋಡಿಕೋ ಎಂದರು. ಅವಳು ನನ್ನ ಕೈಯನ್ನು ಮತ್ತೆ ತನ್ನ ಮೇಜಿನ ಮೇಲಿರಿಸಿಕೊಂಡು ಮೊದಲ ದಿನದ ಪ್ರಶ್ನೆಯನ್ನೇ ಕೇಳಿದಳು: "ಈಗ್ಲಾದ್ರೂ ಯೋಳಿ ಸಾ. ಈ ಕೈಲಿ ನೀವ್ ಏನ್ ಮಾಡ್ಬೇಕು?"

ಶಲ್ಯವನ್ನು ಸರಿಸಿ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿದೆ. "ಇದರೊಳಗೆ ಲಿಂಗವಿದೆ. ಅದನ್ನ ಈ ಅಂಗೈ ಮೇಲೆ ಇಟ್ಕೊಂಡು ಪೂಜೆ ಮಾಡ್ಬೇಕು. ಅಷ್ಟೇ. ಬೇರೆ ಯಾವ ಕೆಲಸಕ್ಕೂ ಈ ಕೈ ಬರದಿದ್ರೂ ಚಿಂತೆ ಇಲ್ಲ."

ಅವಳು ಕೈಯನ್ನು ಬಿಟ್ಟುಬಿಟ್ಟಳು. "ಐದ್ ವಾರದಿಂದ ಬಸ್ಸಿನ ಕಂಬಿ ಇಡಿಯಕ್ಕೆ ಮಾಡ್ತಿದ್ನಲ್ಲ ಸಾ! ಅಂಗೈ ಮೇಲಕ್ ತಿರ್ಗಿಸ್ಬೇಕು ಅಂತ ಒಂದ್ ಮಾತು ಅನ್ಬಾರ್ದಾ? ಅದಕ್ಕೆ ಮೊಣಕೈಗಂಟ ಉದ್ದನೆ ಹಾಳೆ ಬೇಕು, ಇದಲ್ಲ."

"ಆಗಲ್ಲ ಅಂತೀಯೇನೋ ಅಂತ ಹೆದರಿದೆ ತಾಯಿ."

"ಆಗಲ್ಲ ಅಂತ್ಲೂ ಅಂತಿದ್ನೇನೋ. ಈಗ್ಲೂ ಪೂರ್ತಿ ಆಯ್ತದೆ ಅಂತ ಯೋಳಲ್ಲ, ಭಾಳ ತಡ ಮಾಡ್ಬುಟ್ರಿ. ಆದ್ರೆ ನೋಡಾವ. ಬಲಗೈಲಿ ತೋರ್ಸಿ, ಎಷ್ಟ್ ಎತ್ರ, ಎಂಗೆ."

ಯಾರಿಗೂ ತೋರಿಸದ ಭಂಗಿಯನ್ನು ಆ ಕೋಣೆಯಲ್ಲಿ, ಮೂವರು ರೋಗಿಗಳ ಎದುರು, ಬರಿಯ ಬಲಗೈಯಲ್ಲಿ ತೋರಿಸಿದೆ. ಅವಳು ಬಗ್ಗಿ, ಪಕ್ಕಕ್ಕೆ ಬಂದು, ಹಿಂದೆ ನಿಂತು ನೋಡಿದಳು. ಆಮೇಲೆ ಉದ್ದನೆಯ ಹೊಸ ಹಾಳೆಯನ್ನು ಕತ್ತರಿಸಿದಳು.

ಜ್ಯೇಷ್ಠ ಕಳೆಯಿತು, ಆಷಾಢದ ಗಾಳಿ ಬೀಸಿತು, ಹೇಮಾವತಿಯ ಬಂಡೆಗಳು ಒಂದೊಂದಾಗಿ ಮುಳುಗಿದವು. ವಾರಕ್ಕೊಮ್ಮೆ ಹಾಳೆ ನನ್ನನ್ನು ಮರೆಯುತ್ತಿತ್ತು. ವಾರಕ್ಕೊಮ್ಮೆ ಇನ್ನೊಂದಿಷ್ಟು ತಿರುಗಿದ ಕೈಯನ್ನು ಹೊಸದಾಗಿ ಕಲಿಯುತ್ತಿತ್ತು. ನೋವಿಗೆ ಹಲ್ಲು ಕಚ್ಚುತ್ತಿದ್ದೆ. ಸುಕನ್ಯ ತನ್ನ ಊಟದ ಡಬ್ಬಿಯಿಂದ ಒಂದು ನಿಂಬೆಹಣ್ಣನ್ನು ತೆಗೆದು ನನ್ನ ಅಂಗೈಯ ಮೇಲಿಡುವಳು. ಅದು ಉರುಳಿ ಬೀಳುವುದು. "ಓಗ್ಲಿ ಬುಡಿ ಸಾ, ಓದ್ ವಾರ ಇಡೋಕ್ ಮುಂಚೇನೇ ಬಿದ್ದಿತ್ತು," ಎನ್ನುವಳು. ರುದ್ರಪ್ಪ ಗೊರಸಿನ ಮಾತನ್ನು ಮತ್ತೆ ಎತ್ತಿದಾಗ ನಾನು ನಗಲಿಲ್ಲ, ಅವನೂ ಬಿಟ್ಟುಬಿಟ್ಟ. ಶ್ರಾವಣದ ಎರಡನೆಯ ಮಂಗಳವಾರ ನಿಂಬೆಹಣ್ಣು ಒಮ್ಮೆ ಅಲುಗಾಡಿ, ಅಂಗೈಯ ತಗ್ಗಿನಲ್ಲಿ ನಿಂತಿತು. ಸುಕನ್ಯ ಇನ್ನೂ "ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ," ಎನ್ನುತ್ತಲೇ ಇದ್ದಳು.

ಮುಂದಿನ ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ, ಹಾಳೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಪೀಠವಿಲ್ಲದೆ ಕುಳಿತೆ. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯ ಮೇಲಿರಿಸಿಕೊಂಡೆ. ಅಂಗೈ ಪೂರ್ತಿ ಮಟ್ಟಸವಾಗಿರಲಿಲ್ಲ; ಕಿರುಬೆರಳಿನ ಕಡೆಗೆ ಕೊಂಚ ವಾಲಿತ್ತು, ಇಂದಿಗೂ ವಾಲಿದೆ. ಲಿಂಗ ಆ ಇಳಿಜಾರಿನಲ್ಲಿ ಒಂದು ಎಳ್ಳಿನಷ್ಟು ಸರಿದು ನಿಂತಿತು. ಇನ್ನೂ ಸರಿಯುವುದೇನೋ ಎಂದು ನೋಡುತ್ತ ಕುಳಿತೆ. ಸರಿಯಲಿಲ್ಲ. ಏಳು ತಿಂಗಳ ತರುವಾಯ ಆ ತಂಪು, ಆ ಭಾರ. ಕಣ್ಣು ತುಂಬಿ ದೃಷ್ಟಿ ಮಂಜಾಯಿತು.

ಕಣ್ಣೊರೆಸಿಕೊಂಡು ನೋಡುತ್ತೇನೆ: ಗೌರಮ್ಮ ತನ್ನ ಪೂಜೆಯನ್ನು ಆಗಲೇ ಮುಗಿಸಿ ಎದುರಿಗೆ ಬಂದು ಕುಳಿತಿದ್ದಾಳೆ. ನನ್ನ ಅಂಗೈಯ ಕೆಳಗೆ, ತಾಗಿಯೂ ತಾಗದಷ್ಟು ದೂರದಲ್ಲಿ, ತನ್ನೆರಡು ಕೈಗಳನ್ನೂ ಬೊಗಸೆಯಾಗಿ ಒಡ್ಡಿದ್ದಾಳೆ.

"ನನ್ನ ಕೈ ಮೇಲೆ ಅನುಮಾನವೇನೆ?" ಎಂದೆ.

"ಇದೆ," ಎಂದಳು. "ನೀವು ಮಂತ್ರ ಹೇಳಿ."

ಹೇಳಿದೆ.